ನೋಡಿದ ಪಾತ್ರೆ, ಚೆಲ್ಲಿದ ಪಾತ್ರೆ

ಮುಂಗಾರಿನ ಎರಡು ಮಳೆ ಬಿದ್ದ ಎಂಟನೇ ದಿನ
ಕೈಗೊಂದು ಟಾರ್ಚು, ಹೆಗಲಿಗೊಂದು ಚೀಲ ಕೊಟ್ಟು
ಗುತ್ತಲು ರಸ್ತೆಯ ಹಿಂದಿನ ನಾಲ್ಕು ಬೀದಿ ನಿನ್ನದು ಅಂದರು.
ನೂರಾ ಹನ್ನೆರಡು ಮನೆ.
ಪುಸ್ತಕದಲ್ಲಿ ಮೂರು ಕಲಂ:
ನೋಡಿದ ಪಾತ್ರೆ, ಹುಳ ಇದ್ದ ಪಾತ್ರೆ, ಚೆಲ್ಲಿದ ಪಾತ್ರೆ.

ಚೆಲ್ಲಿಸುವುದೇ ಕಷ್ಟ.
ನಲ್ಲಿ ಬರುವುದು ಮೂರು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ.
ನಿದ್ದೆಗೆಟ್ಟು ಹಿಡಿದವಳ ಎದುರು ನಿಂತು
ಸುರಿದುಬುಡವ್ವ ಅನ್ನಲು ಎಂಥ ನಾಲಿಗೆ ಬೇಕು!
ಸಣ್ಣತಾಯಮ್ಮ ಡ್ರಮ್ಮಿನ ಮೇಲೆ ಎರಡೂ ಕೈ ಊರಿದಳು,
ಕರುವಿಗೆ ಅಡ್ಡ ನಿಂತ ಹಾಗೆ.
'ಚೆಲ್ಲು. ಚೆಲ್ಬುಟ್ಟು ನೀನೇ ತುಂಬ್ಕೊಡು.'
ನ್ಯಾಯವೇ.
ಪಂಚೆ ಹಿಡಿದು ಇಬ್ಬರೂ ಬಿಂದಿಗೆ ಬಿಂದಿಗೆಯಾಗಿ ಸೋಸಿದೆವು,
ಬಟ್ಟೆಯನ್ನು ಒಗೆಯುವ ಕಲ್ಲಿನ ಬಿಸಿಲಿಗೆ ಕೊಡವಿದೆವು.
ಸೋಸಿದ ಪಾತ್ರೆಗೆ ಪುಸ್ತಕದಲ್ಲಿ ಕಲಂ ಇಲ್ಲ.

ರುಬ್ಬುವವರಿಲ್ಲದೆ ಹಿತ್ತಲು ಸೇರಿದ ಒರಳಿನ ಗುಳಿ,
ಪಂಕ್ಚರ್ ಅಂಗಡಿ ಮುನೀರನ ಟೈರಿನ ಒಳಮಡಿಕೆ,
ಫ್ರಿಜ್ಜಿನ ಬೆನ್ನಿಗೆ ಒಂದು ತಟ್ಟೆ ಇದೆಯೆಂದು
ಫ್ರಿಜ್ಜು ಕೊಂಡವರಿಗೇ ಗೊತ್ತಿಲ್ಲ.
ಮದ್ದೂರಿನ ಎಳನೀರು ಕುಡಿದು ಬುರುಡೆ ಎಸೆದರೆ
ನಾಲ್ಕು ಹನಿ ಮಳೆಗೆ ಅದು ತೊಟ್ಟಿಲು.

'ಹೊಗೆ ಗಾಡಿ ಯಾವಾಗ?' ಎಲ್ಲರದೂ ಒಂದೇ ಪ್ರಶ್ನೆ.
ಹೊಗೆಗೆ ಸದ್ದಿದೆ, ಹಿಂದೆ ಓಡಲು ಮಕ್ಕಳಿದ್ದಾರೆ,
ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದಾರೆ.
ಟಾರ್ಚಿಗೆ ಏನಿದೆ?
'ಸಂಜೆ ಲಕ್ಕಿಸೊಪ್ಪು ಸುಡ್ತೀವಿ ಕಣಮ್ಮ' ಅಂದಿತು ಒಂದು ಅಜ್ಜಿ.
ಸುಡಜ್ಜಿ. ಆದರೆ ಇದು ಹಗಲಿನ ಸೊಳ್ಳೆ,
ನಿನ್ನ ಮೊಮ್ಮಗಳು ಜಡೆ ಹಾಕಿಸಿಕೊಳ್ಳುವ ಹೊತ್ತಿಗೆ ಬರುತ್ತದೆ.

ಎಪ್ಪತ್ತೊಂದನೇ ಮನೆ.
ಕಿಟಕಿಯಲ್ಲಿ ಉಪ್ಪಿನಕಾಯಿ ಬಾಟಲಿ,
ಬಾಯಿಗೆ ಅವರವ್ವನ ಹಳೇ ದುಪಟ್ಟ, ರಬ್ಬರ್ ಬ್ಯಾಂಡು.
'ಅದು ನಂದು' ಅಂದ ಲಿಖಿತ್, ಐದನೇ ಕ್ಲಾಸು.
ಮೀನಿನ ಮರಿ ಅಂತ ಹಿಡಿದನಂತೆ,
ಅಲ್ಲವೆಂದು ಆಮೇಲೆ ಗೊತ್ತಾಯಿತಂತೆ,
ಅಷ್ಟರಲ್ಲಿ ಲೆಕ್ಕ ಇಡಲು ಶುರು ಮಾಡಿದ್ದನಂತೆ.

ಹನ್ನೊಂದು ವರ್ಷದಿಂದ ಈ ಕೆಲಸ,
ನಿಂತು ನೋಡಿದ್ದು ಅವತ್ತೇ.
ಬೆಳಕು ಬಿದ್ದದ್ದೇ ತಡ, ಅಲ್ಪವಿರಾಮಗಳೆಲ್ಲ ತಳಕ್ಕಿಳಿದವು.
ಮತ್ತೆ ಒಂದೊಂದಾಗಿ ಹೊರಳುತ್ತ ಮೇಲೆ ಬಂದು
ಬಾಲದ ತುದಿಯನ್ನು ನೀರಿನ ನೆತ್ತಿಗೆ ಚುಚ್ಚಿ
ತಲೆಕೆಳಗಾಗಿ ಜೋತು ಉಸಿರೆಳೆದವು.
'ಈ ಮೂರು ಗುಂಡಗಾಗಿವೆ ಆಂಟಿ. ಇನ್ನು ರೆಕ್ಕೆನೇ.'

ಚೆಲ್ಲಬೇಕಿತ್ತು.
ಕಟ್ಟನ್ನು ಇನ್ನೊಂದು ಸುತ್ತು ಬಿಗಿದೆ,
ದುಪಟ್ಟದಲ್ಲಿ ತೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ.
ಹುಳ ಇದ್ದ ಪಾತ್ರೆ: ಒಂದು.
ಮುಂದಿನ ಕಲಂ ಹಾಗೇ ಬಿಟ್ಟೆ.

ಮೂರನೇ ದಿನ ಹೋದರೆ
ಗಾಜಿನ ಗೋಡೆಗೆ ಕೂತಿದ್ದವು, ಕರಿ ಕಾಲಿಗೆ ಬಿಳಿ ಬಳೆ ತೊಟ್ಟು.
'ಕಚ್ಚೋದು ಹೆಣ್ಣು ಮಾತ್ರ ಅಂತೆ, ಯಾಕೆ?'
'ಮೊಟ್ಟೆ ಬಲಿಯೋಕೆ ರಕ್ತ ಬೇಕು ಮಗ.'
ಹೇಳಿದ ಮೇಲೆ ನನಗೇ ಕೇಳಿಸಿತು.
ಬಸುರಿಯರ ಕೈಗೆ ಕಬ್ಬಿಣದ ಮಾತ್ರೆ ಎಣಿಸಿ ಇಡುತ್ತ
ಮನೆಮನೆಯಲ್ಲೂ ನಾನು ಹೇಳುವುದು ಇದನ್ನೇ:
ಒಳಗಿರೋದಕ್ಕೆ ರಕ್ತ ಬೇಕು ಕಣವ್ವ, ನುಂಗು.

ಹೋದ ಆಷಾಢದಲ್ಲಿ ಇದೇ ಬೀದಿಯ ರೋಹಿಣಿ,
ಏಳು ತಿಂಗಳು.
ಪ್ಲೇಟ್‌ಲೆಟ್ ಹದಿನೆಂಟು ಸಾವಿರ ಅಂತ ಬರೆದ ಚೀಟಿ ಹಿಡಿದು
ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಎರಡು ರಾತ್ರಿ ಕೂತಿದ್ದೆ.
ರೋಹಿಣಿ ಮನೆಗೆ ಬಂದಳು. ಒಬ್ಬಳೇ ಬಂದಳು.

ಲಿಖಿತನಿಗೆ ಇದನ್ನೇನೂ ಹೇಳಲಿಲ್ಲ.
ನನ್ನ ಮುಖ ನೋಡಿದ, ಬಾಟಲಿ ನೋಡಿದ,
ತಾನೇ ಎತ್ತಿಕೊಂಡು ಹೋಗಿ ಕಲ್ಲಿನ ಬಿಸಿಲಿಗಿಟ್ಟು
ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.
ಎಲ್ಲ ತಳಕ್ಕೆ ಬೀಳುವವರೆಗೂ ಏಳಲಿಲ್ಲ.
ಆಮೇಲೆ ನೀರು ಚೆಲ್ಲಿ, ಬೂದಿ ಹಾಕಿ ತೊಳೆದು,
ಹೇಳಿಸಿಕೊಳ್ಳದೆಯೇ
ಕವುಚಿ ಇಟ್ಟ.

ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ತಾರೀಖು ಬರೆದು
ಕೆಳಗೆ ನನ್ನ ಹೆಸರಿನ ಒಂದಕ್ಷರ ಹಾಕಿದೆ.
ಇನ್ನೂ ನಲವತ್ತೊಂದು ಮನೆ ಇವೆ.
ಮೋಡ ಕಬ್ಬಿನ ಗದ್ದೆಯ ಕಡೆಯಿಂದ ಏಳುತ್ತಿದೆ.
ಇವತ್ತು ರಾತ್ರಿ ನೀರಿನ ಸರದಿ ನಮ್ಮ ಬೀದಿಗೆ;
ಡ್ರಮ್ಮಿನ ತಳ ಉಜ್ಜಬೇಕು,
ಒಂದೂವರೆಗೆ ಅಲಾರಂ.